ಜಕ್ಕಲಿಗೆ ಹೋದ ಮನೆ

ಸತ್ತವರ ಮುಖ ನೋಡಲು ಬರಲಿಲ್ಲವೆಂದು ಬದುಕಿದ್ದವರನ್ನು ದೂರ ಮಾಡುವುದು ಯಾವ ನ್ಯಾಯ, ಹೇಳಿ? ನನ್ನ ಹೆಂಡತಿ ಸಕ್ರವ್ವನಿಗೆ ಆದದ್ದು ಅದೇ. ಶ್ವಾಸಕೋಶ ಕೆಟ್ಟು ನಾಲ್ಕು ವರ್ಷ. ಮೂಗಿಗೆ ಪೈಪು ಹಾಕಿಕೊಂಡು, ಕರೆಂಟಿನಿಂದ ನಡೆಯುವ ಆಕ್ಸಿಜನ್ ಮಷೀನಿನ ಪಕ್ಕದಲ್ಲೇ ಅವಳ ಬದುಕು. ಅವಳ ತಾಯಿ ತೀರಿಕೊಂಡ ದಿನ ದಾರಿಗೆ ಬೇಕಾದ ಆಕ್ಸಿಜನ್ ಸಿಲಿಂಡರಿಗಾಗಿ ಗಜೇಂದ್ರಗಡವನ್ನೆಲ್ಲ ತಿರುಗಿದೆ, ಸಿಗಲಿಲ್ಲ. "ಅವ್ವನ ಮಣ್ಣಿಗೆ ಬರಲಿಲ್ಲ, ಇನ್ನ ಆಕಿ ನನ್ನ ಪಾಲಿಗಿಲ್ಲ" ಎಂದು ಫೋನಿಟ್ಟ ಜಕ್ಕಲಿ ಊರಿನ ಅವಳ ಅಕ್ಕ ಹುಚ್ಚವ್ವ ಮತ್ತೆ ಫೋನ್ ಎತ್ತಲಿಲ್ಲ.

"ಒಮ್ಮೆ ಅಕ್ಕನ ಮುಂದ ಹೋಗಿ ಕುಂಡರತೀನ್ರಿ. ಈ ಪೈಪ ಕಣ್ಣಾರೆ ನೋಡಿದ್ರ ಆಕಿಗೆ ತಿಳೀತೈತಿ" ಎಂದು ಸಕ್ರವ್ವ ದಿನಾ ಅನ್ನುತ್ತಿದ್ದಳು.

ನಾನು ಡ್ರೈವರ್. ನನ್ನ ಹಳೆಯ ಟೆಂಪೋವನ್ನು ಮೆಕ್ಯಾನಿಕ್ ಕಾಶೀಂಸಾಬನ ಮುಂದೆ ನಿಲ್ಲಿಸಿ, "ಇದನ್ನ ಮನಿ ಮಾಡಿಕೊಡೋ" ಎಂದೆ. ಮೊದಲು ನಕ್ಕ, ಆಮೇಲೆ ಆರು ತಿಂಗಳು ತಲೆ ಕೆಡಿಸಿಕೊಂಡ. ಸೀಟು ಕಿತ್ತು ಮಂಚ ಕೂರಿಸಿದ. ಮಂಚದ ಕೆಳಗೆ ಬ್ಯಾಟರಿ, ಹಿಂದಿನ ಗಾಲಿಗೆ ಮೋಟರು. ಡೀಸೆಲ್ ಇಂಜಿನ್ ಇದ್ದಲ್ಲೇ ಇತ್ತು. ಅದು ಓಡುವಾಗ ಬ್ಯಾಟರಿ ತುಂಬುತ್ತಿತ್ತು. ಬಂದ್ ಮಾಡಿದರೆ ಮಷೀನು, ಫ್ಯಾನು ಬ್ಯಾಟರಿಯ ಮೇಲೆ ನಡೆಯುತ್ತಿದ್ದವು, ಗಾಡಿಯೂ ಒಂದಿಷ್ಟು ದೂರ ಸಪ್ಪಳವಿಲ್ಲದೆ ಸಾಗುತ್ತಿತ್ತು.

"ದಾರಿಗೆ ಡೀಸೆಲ್, ಮನಿಗೆ ಕರೆಂಟ್. ನಿಂತಲ್ಲೆ ಬ್ಯಾಟರಿ ಒಂಬತ್ತು ತಾಸು ಬರತೈತಿ. ಹೋಗಿ ಬಾ ದ್ಯಾಮೇಶ" ಎಂದ.

ಒಂಬತ್ತು ತಾಸು ಬಂದರೆ ಸಾಕಪ್ಪಾ ಎಂಬುದೊಂದೇ ನನ್ನ ಚಿಂತೆ. ಸಕ್ರವ್ವನನ್ನು ಕರೆದುಕೊಂಡು ಹೊರಟು, ದಾರಿಯಲ್ಲಿ ನರೇಗಲ್ ದಾಟುವಾಗಲೂ ಕಣ್ಣೆಲ್ಲ ಬ್ಯಾಟರಿಯ ಮೀಟರಿನ ಮೇಲೆಯೇ ಇತ್ತು.

ಬೆಳಿಗ್ಗೆ ಜಕ್ಕಲಿ ಮುಟ್ಟಿದಾಗ ಹುಚ್ಚವ್ವ ಮನೆಯ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತ ಕೂತಿದ್ದರು. ನನ್ನನ್ನು ನೋಡಿದರು. ಪೈಪಿನೊಂದಿಗೆ ಗಾಡಿಯ ಮೆಟ್ಟಿಲಿಗೆ ಬಂದು ಕೂತ ತಂಗಿಯನ್ನೂ ನೋಡಿದರು. ಕಡಲೆಯ ಮೊರ ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

"ಅಕ್ಕಾರ, ಬಾಗಲಾ ತಗೀರಿ. ಆಕಿಗೆ ಇಳಿಯಾಕ ಬರೂದಿಲ್ರಿ!" ಎಂದು ಬಡಿದೆ. ಒಳಗೆ ಪಾತ್ರೆಗಳ ಸದ್ದಾಯಿತು, ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. ಎಂಥ ಹೆಂಗಸು ಇವಳು!

ಓಣಿಯವರೆಲ್ಲ ಬಂದರು, ಗಾಡಿ ನೋಡಲಿಕ್ಕೆ. "ಅಬಬಬ, ಇಂಜಿನ್ ಬಂದ್ ಐತಿ, ಫ್ಯಾನ್ ತಿರಗಾಕ ಹತ್ತೈತಿ!" ಎಂದರು. ಎದುರುಮನೆಯ ಸುಶೀಲವ್ವ ಚಹಾ ಕೊಟ್ಟಳು. ಮುಚ್ಚಿದ ಬಾಗಿಲಿನ ಮಾತನ್ನು ಯಾರೂ ಎತ್ತಲಿಲ್ಲ. ಬಿಸಿಲೇರಿದ ಮೇಲೆ ಎಲ್ಲರೂ ಹೋದರು. ಸಕ್ರವ್ವ ಮೆಟ್ಟಿಲು ಬಿಟ್ಟು ಏಳಲಿಲ್ಲ. ಆಗಾಗ "ಅಕ್ಕಾ" ಎಂದು ಕರೆಯುತ್ತಿದ್ದಳು. ಅವಳ ದನಿ ಕಟ್ಟೆಯವರೆಗೂ ಹೋಗುತ್ತಿರಲಿಲ್ಲ. ಊರ ನಟ್ಟನಡುವೆ ಕೂತಿದ್ದರೂ ನಾವು ಅಷ್ಟು ಒಬ್ಬಂಟಿ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಸಂಜೆ ಐದಾಯಿತು. ಬ್ಯಾಟರಿ ಇನ್ನೂ ಉಳಿದಿತ್ತು. ಕಾಶೀಂಸಾಬ ಮಾತಿಗೆ ತಪ್ಪಿರಲಿಲ್ಲ. "ನಡೀರಿ" ಎಂದಳು ಸಕ್ರವ್ವ. ಅವಳನ್ನು ಮಂಚದ ಮೇಲೆ ಮಲಗಿಸಿ, ಕರೆಂಟಿನ ಮೇಲೆಯೇ ಮೆಲ್ಲಗೆ ಗಾಡಿ ತೆಗೆದೆ.

"ಹಿಂಗ ಬ್ಯಾಡ್ರಿ. ಇಂಜಿನ್ ಹಚ್ಚರಿ. ನಾ ಹೊಂಟೆ ಅಂತ ಆಕಿಗೆ ಕೇಳಲಿ."

ಹಚ್ಚಿದೆ. ಓಣಿಯೆಲ್ಲ ಗುಡುಗುವ ಹಾಗೆ ಎಕ್ಸಲರೇಟರ್ ತುಳಿದು ಆ ಬಾಗಿಲ ಮುಂದೆ ನಿಂತೆ. ಆಮೇಲೆ ಹೊರಟೆ. ಕನ್ನಡಿಯಲ್ಲಿ ಬಾಗಿಲು ಮುಚ್ಚಿಯೇ ಇತ್ತು.

"ಹೊರಗ ಬಂದ್ಲೇನ್ರಿ?" ಮಲಗಿದವಳಿಗೆ ಹಿಂದಿನದು ಕಾಣುತ್ತಿರಲಿಲ್ಲ.

"ಹೂಂ, ಬಂದಿದ್ರು" ಎಂದುಬಿಟ್ಟೆ. "ಬಾಗಲದಾಗ ನಿಂತು ಕಣ್ಣ ಒರಸಿಕೊಂಡ್ರು."

ಸಕ್ರವ್ವ ದಡಕ್ಕನೆ ಎದ್ದು ಕೂತಳು. "ಹಂಗಾರ ಲಗೂ ಗಾಡಿ ಹೊಳ್ಳಸ್ರಿ, ಅಕ್ಕನ ಕಡೆ ಹೋಗೂಣು!"

ನನ್ನ ನಾಲಗೆಗೆ ಬೆಂಕಿ ಬೀಳಲಿ. ಏನು ಹೇಳುವುದು ಈಗ?

"ಬ್ಯಾಟರಿ ಮುಗದೈತಿ, ಸಕ್ರಿ. ಮತ್ತ ನಿಲ್ಲಾಕ ಆಗೂದಿಲ್ಲ."

ಅವಳು ತಿರುಗಿ ಮಲಗಿದಳು. ಎಷ್ಟೋ ದಿನದ ಮೇಲೆ ನಗುತ್ತಿದ್ದಳು.

"ಇರಲಿ ಬಿಡ್ರಿ. ತುಂಬಿಸಿಕೊಂಡು ನಾಳಿ ಬರೂಣು."

"ಹೂಂ" ಎಂದೆ.