ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮೊದಲು ಮ್ಯೂಸಿಯಂನ ಬಾಗಿಲಿನಿಂದ ಶುರು ಮಾಡಿದ್ದೆ. ಕಂಬ, ಮೆಟ್ಟಿಲು, ಟಿಕೆಟ್ ಕೌಂಟರ್ ಎಂದು ಪುಟ ತುಂಬಿತು, ಒಬ್ಬರೂ ಒಳಗೆ ಹೋಗಿರಲಿಲ್ಲ. ಹರಿದು ಹಾಕಿದೆ. ಈಗ ನೇರವಾಗಿ ನಗುವಿನಿಂದಲೇ ಶುರು.

೨
ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

(ಅಕ್ಕ ಯಾರೆಂದು ಹೇಳುವ ಮೊದಲೇ ನಗಿಸಿಬಿಟ್ಟೆ, ಕ್ಷಮಿಸಿ.) ಅಕ್ಕ ಫೋಟೋ ಸ್ಟುಡಿಯೋ ನಡೆಸುತ್ತಾಳೆ. ಕೆಲವು ವರ್ಷಗಳಿಂದ ಕಿವಿ ಮಂದ, ಮಿಷನ್ ಹಾಕಿಕೊಂಡಿದ್ದಾಳೆ. ದೊಡ್ಡ ಹಾಲ್‌ನಲ್ಲಿ ಅದು ಎಲ್ಲ ಸದ್ದನ್ನೂ ಕಲಸಿ ಕೊಡುತ್ತದೆ. ಮಾತು ತಿಳಿಯಬೇಕಾದರೆ ಆಡುವವರ ತುಟಿ ಕಾಣಬೇಕು. ಅವಳನ್ನು ಈ ಸಮುದ್ರದ ಮ್ಯೂಸಿಯಂಗೆ ಕರೆತಂದವಳು ತಂಗಿ, ಆಸ್ಪತ್ರೆಯಲ್ಲಿ ನರ್ಸ್. ಗೈಡ್ ಮಾತ್ರ ತಾಮ್ರದ ಹೆಲ್ಮೆಟ್ಟಿನ ಹಳೆಯ ಡೈವಿಂಗ್ ಸೂಟಿಗೆ ಮುಖ ಮಾಡಿ, ಜನರಿಗೆ ಬೆನ್ನು ತೋರಿಸಿ ಮಾತಾಡುತ್ತಿದ್ದ. ಬೆನ್ನಿಗೆ ತುಟಿ ಇರುವುದಿಲ್ಲ.

ಅಕ್ಕ ತಂಗಿಯ ತೋಳು ಮುಟ್ಟಿದಳು. "ಏನಂದ?"

"ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ."

೩
ಇಲ್ಲಿ ಅಕ್ಕನ ಕಣ್ಣಲ್ಲಿ ನೀರು ತರಿಸಿದ್ದೆ. ಅವಳು ಒಪ್ಪಲಿಲ್ಲ.

"ಅಳೋದ್ಯಾಕೆ? ಅವನೇನಂದ ಅಂತ ನಂಗೆ ಗೊತ್ತಾಗ್ಬೇಕು, ಅಷ್ಟೇ."

"ಓದುಗರಿಗೆ ಕನಿಕರ ಬರಬೇಕಲ್ಲಮ್ಮ?" ಎಂದೆ.

"ಅವರ ಕನಿಕರ ಇಟ್ಕೊಂಡು ನಾನೇನ್ ಮಾಡ್ಲಿ? ದಾರಿ ಬಿಡಿ."

ಪಕ್ಕಕ್ಕೆ ಸರಿದೆ.

೪
ಅಕ್ಕ ತಂಗಿಗೆ ಹೇಳಿದಳು: "ಊಟಕ್ಕೆ ಕೂತಾಗ್ಲೂ ಇದೇ, ನೆಂಟರ ಮನೇಲೂ ಇದೇ. ನಿನ್ನ 'ಆಮೇಲೆ' ಇವತ್ತಿನವರೆಗೂ ಬಂದಿಲ್ಲ ಕಣೇ."

"ಮೆಲ್ಲಗೆ ಮಾತಾಡಕ್ಕ, ಎಲ್ರೂ ನೋಡ್ತಿದಾರೆ."

"ನೋಡ್ಲಿ."

ಅವಳು ಗುಂಪಿನ ನಡುವೆ ದಾರಿ ಮಾಡಿಕೊಂಡು ಗೈಡ್‌ನ ಎದುರು ನಿಂತಳು. "ಸಾರ್, ನಂಗೆ ಕಿವಿ ಸರಿಯಾಗಿ ಕೇಳಲ್ಲ. ಈಗ ಏನೋ ಹೇಳಿದ್ರಿ, ಎಲ್ರೂ ನಕ್ರಲ್ಲ, ಅದನ್ನ ನನ್ನ ಕಡೆ ತಿರುಗಿ ಇನ್ನೊಂದ್ಸಲ ಹೇಳ್ತೀರಾ?"

"ಇ-ದು! ಡೈ-ವಿಂಗ್! ಸೂ-ಟು!" ಗೈಡ್ ಕಿರುಚಿದ. ಪಕ್ಕದ ಹಾಲ್‌ನಿಂದ ಕಾವಲುಗಾರ ಇಣುಕಿದ.

"ಕೂಗ್ಬೇಡಿ, ಮಾಮೂಲಿ ಥರ ಹೇಳಿ ಸಾಕು. ಸ್ವಲ್ಪ ಈ ಕಡೆ ಬನ್ನಿ. ಹಿಂದೆ ಕಿಟಕಿ ಇದೆ, ನಿಮ್ಮ ಮುಖ ಕಪ್ಪಗೆ ಕಾಣುತ್ತೆ."

ಗೈಡ್ ಸರಿದ. ಗುಂಪೂ ಸರಿಯಿತು. ಅವನು ಹೇಳಿದ: ಈ ಸೂಟು ತೊಟ್ಟು ಮುಳುಗಿದವನು ನೀರಿನೊಳಗಿಂದ ಹಗ್ಗವನ್ನು ಒಂದು ಸಲ ಎಳೆದರೆ ಗಾಳಿ ಬೇಕು, ಎರಡು ಸಲ ಎಳೆದರೆ ಮೇಲೆತ್ತಿ ಎಂದು ಅರ್ಥ. ಒಬ್ಬ ಎಳೆಯುತ್ತಲೇ ಇದ್ದನಂತೆ. ಗಾಬರಿಯಿಂದ ಮೇಲೆತ್ತಿದರೆ, ಪುಣ್ಯಾತ್ಮ ಹಗ್ಗಕ್ಕೆ ಬೆನ್ನು ಉಜ್ಜಿ ತುರಿಸಿಕೊಳ್ಳುತ್ತಿದ್ದನಂತೆ.

ಈ ಸಲ ಯಾರೂ ನಗಲಿಲ್ಲ.

"ಇಷ್ಟೇನಾ?" ಎಂದಳು ಅಕ್ಕ. "ಇದಕ್ಕಾ ನಾನು ಅಷ್ಟೊಂದು ನಕ್ಕಿದ್ದು?"

ಆಗ ಮೊದಲು ನಕ್ಕವನು ಗೈಡ್.

೫
ಅಂತ್ಯ ಒಂದು: ಮ್ಯೂಸಿಯಂನವರು ಮರುದಿನವೇ ಗೈಡ್ ಹೇಳುವ ಎಲ್ಲ ಮಾತನ್ನೂ ಬರೆಸಿ ಫಲಕ ಹಾಕಿಸಿದರು. (ನನಗೇ ನಂಬಿಕೆ ಬರಲಿಲ್ಲ. ಹೊಡೆದು ಹಾಕಿದ್ದೇನೆ.)

ಅಂತ್ಯ ಎರಡು: ತಂಗಿ ಅಕ್ಕನನ್ನು ತಬ್ಬಿಕೊಂಡಳು. (ತಂಗಿ ತಕರಾರು ತೆಗೆದಳು: "ನಾನ್ಯಾಕೆ ತಬ್ಕೊಳ್ಳಲಿ? ನಂಗಿನ್ನೂ ಸಿಟ್ಟಿದೆ. ದಿನಾ ಎಲ್ಲಾನೂ ಎರಡೆರಡು ಸಲ ಹೇಳೋ ಸುಸ್ತು ನಿಮಗೇನ್ ಗೊತ್ತು?" ಅದೂ ನಿಜವೇ. ಅವಳ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ.)

೬
ಆದದ್ದು ಇಷ್ಟು. ಕೊನೆಯ ಕೋಣೆಯಲ್ಲಿ ಸಮುದ್ರದ ತಳದ ಬಗ್ಗೆ ಒಂದು ಫಿಲ್ಮ್ ಓಡುತ್ತಿತ್ತು. ಮಾತಿದೆ, ಆಡುವವರು ಕಾಣುವುದಿಲ್ಲ, ಕೆಳಗೆ ಅಕ್ಷರಗಳೂ ಇಲ್ಲ. ಅಕ್ಕ ಎದ್ದು ಹೊರಡುವಷ್ಟರಲ್ಲಿ ತಂಗಿ ಮುಂದಿನ ಬೆಂಚಿಗೆ ಹೋಗಿ, ಪರದೆಗೆ ಬೆನ್ನು ಹಾಕಿ, ಅವಳಿಗೆ ಎದುರಾಗಿ ಕುಳಿತಳು. ಮೊಬೈಲಿನ ಬೆಳಕನ್ನು ತನ್ನ ಮುಖಕ್ಕೆ ತಾನೇ ಹಿಡಿದುಕೊಂಡು, ಕಿವಿಗೆ ಬಿದ್ದದ್ದನ್ನು ಹೇಳತೊಡಗಿದಳು.

"ನಿಂಗೆ ಬೇಡ ಅನ್ಸಿದ್ದನ್ನೂ ಹೇಳು," ಎಂದಳು ಅಕ್ಕ.

"ಈಗ ಬರೀ ಮ್ಯೂಸಿಕ್ಕು."

"ಎಂಥಾ ಮ್ಯೂಸಿಕ್ಕು?"

ತಂಗಿ ಕಣ್ಣು ಮುಚ್ಚಿ ಕಿವಿಗೊಟ್ಟಳು. ಅವಳೇನು ಹೇಳುತ್ತಾಳೋ ನನಗೂ ತಿಳಿಯದು. ಫಿಲ್ಮ್ ಎಷ್ಟು ಉದ್ದವಿದೆ ಎಂಬುದೂ ಗೊತ್ತಿಲ್ಲ. ಹಿಂದಿನಿಂದ ಯಾರೋ "ರೀ, ಆ ಲೈಟ್ ಆಫ್ ಮಾಡಿ, ಸುಮ್ನಿರಿ" ಎನ್ನುತ್ತಿದ್ದಾರೆ. ತಂಗಿ ಆ ಮಾತನ್ನೂ ಒಂದಕ್ಷರ ಬಿಡದೆ ಅಕ್ಕನಿಗೆ ಹೇಳುತ್ತಿದ್ದಾಳೆ.