ಮಂಕು ಮೂಲೆ

"ಕೂಸಿನ ರಕ್ತ ಏನಾಯ್ತು ಬಿಂದು? ಏನಾದ್ರೂ ಬೆಳೀತಾ?" ಜೋಲಿ ತೂಗುತ್ತಲೇ ಧನುಶ್ರೀ ಕೇಳಿದಳು.

ಬಿಂದುಶ್ರೀ ಕಾಫಿ ಬೀಜದ ಮೊರದಿಂದ ತಲೆ ಎತ್ತಲಿಲ್ಲ. ಹೆರಿಗೆಯ ದಿನ ಹೊಕ್ಕುಳಬಳ್ಳಿಯ ರಕ್ತವನ್ನು ತನ್ನ ಪ್ರಯೋಗಾಲಯಕ್ಕೆ ಕೊಡಿ ಎಂದು ಅತ್ತಿಗೆ ಧನುಶ್ರೀಯನ್ನು ಬೇಡಿಕೊಂಡವಳು ಅವಳೇ. ಮಾಸಿನ ಜೊತೆ ಹಿತ್ತಲಲ್ಲಿ ಹೂಳಬೇಕಾದ್ದನ್ನು ಊರಾಚೆ ಕಳಿಸುವುದುಂಟೇ ಎಂದು ಅವ್ವ ರಾಜಲಕ್ಷ್ಮಮ್ಮ ಎರಡು ದಿನ ಮುನಿಸಿಕೊಂಡಿದ್ದರು. ರಕ್ತದ ನಾಲ್ಕು ಕೊಳವೆಗಳಲ್ಲಿ ಮೂರು ಮುಗಿದಿದ್ದವು. ಏನೂ ಬೆಳೆದಿರಲಿಲ್ಲ.

"ಹೊಸ ರಕ್ತ ಹುಟ್ಟಿಸೋ ಕಣ ಅಂದಿದ್ದೆಯಲ್ಲ," ಅವ್ವ ಎದುರಿನ ಮೊರದಿಂದ ಕೇಳಿದರು. "ಅಷ್ಟರೊಳ್ಗೆ ಅದನ್ನ ಹೆಂಗೆ ಹೆಕ್ತೀಯೆ?"

"ಹೊಳೆಯೋ ಬಣ್ಣ ಕುಡಿಸ್ತೀವವ್ವ. ಯಂತ್ರ ಒಂದೊಂದೇ ಕಣನ ಬೆಳಕಿನ ಮುಂದೆ ದಾಟಿಸುತ್ತೆ. ಮಿಕ್ಕವೆಲ್ಲ ಹೊಳೀತವೆ. ನಮಗೆ ಬೇಕಾದವು ಮಾತ್ರ ಬಣ್ಣನ ಆಚೆಗೆ ಉಗುಳಿ ಮಂಕಾಗಿರ್ತವೆ. ಅವನ್ನ ಬೇರೆ ಕೊಳವೆಗೆ ತಳ್ಳುತ್ತೆ."

"ಉಗುಳೋವೇ ಒಳ್ಳೇವಾ? ಹಂಗಾರೆ ನಿಮ್ಮಪ್ಪನ ಎಲೆಅಡಿಕೆಗೆ ನಾನು ಸುಮ್ನೆ ಬಯ್ದೆ ಬಿಡು."

ಧನುಶ್ರೀ ನಕ್ಕಳು. ಬಾಳ್ಳುಪೇಟೆಯ ಕಾಫಿಪುಡಿ ಅಂಗಡಿಯವನು ಸಂಜೆ ಬರುವವನಿದ್ದ. ಒಡಕು, ಕಪ್ಪು, ಚೂರು ಎಂದು ಬಿಂದುಶ್ರೀ ಬೇಗಬೇಗ ಆರಿಸಿ ಕಸದ ಬುಟ್ಟಿಗೆ ಹಾಕುತ್ತಿದ್ದಳು. ಅವ್ವ ಆ ಬುಟ್ಟಿಗೆ ಕೈಯಿಟ್ಟರು.

"ಏನೇ ಇದು, ಪೀಬೆರಿನೆಲ್ಲ ಕಸಕ್ಕೆ ಹಾಕ್ಬುಟ್ಟಿದೀಯ." ಅವರ ಅಂಗೈಯಲ್ಲಿ ಗುಂಡಗಿನ ಪುಟ್ಟ ಬೀಜಗಳಿದ್ದವು. "ಹಣ್ಣಿಗೊಂದೇ ಕಟ್ಟೋ ಬೀಜ ಕಣೆ. ಅಂಗಡಿಯವ್ನು ಮೊದ್ಲು ಕೇಳೋದೇ ಇದನ್ನ."

"ಚೂರು ಅನ್ಕೊಂಡೆ. ಕಸ ಸೇರ್ಬಾರ್ದು ಅಂತ ಸಣ್ಣದನ್ನೆಲ್ಲ ತೆಗ್ದೆ."

"ಕಸಕ್ಕೆ ಅಷ್ಟ್ಯಾಕೆ ಹೆದರ್ಕೋತೀಯೆ?"

ಬಿಂದುಶ್ರೀಯ ಕೈ ನಿಂತಿತು. ಒಂದೊಂದು ಕಣವನ್ನೂ ಒಂದೊಂದು ಚುಕ್ಕೆಯಾಗಿ ತೋರಿಸುವ ಆ ಯಂತ್ರದ ಪರದೆ, ಅದರ ಎಡಗಡೆಯ ಕೆಳಮೂಲೆ ಕಣ್ಣಮುಂದೆ ಬಂತು. ಸತ್ತ ಕಣ, ಮುರುಕು, ಎಲ್ಲ ಗುಂಪುಗೂಡುವ ಜಾಗ ಅದು. ಅವು ಬೆರೆತಾವೆಂಬ ಅಂಜಿಕೆಗೆ ಮೂರು ಸಲವೂ, ಕೆಳಗಿನದನ್ನೆಲ್ಲ ಕಸಕ್ಕೆ ಬಿಡುವ ಗಡಿಗೆರೆಯನ್ನು ಅವಳು ಒಂದು ಬೆರಳು ಮೇಲೆಯೇ ಎಳೆದಿದ್ದಳು. ಆ ಮೂಲೆಯತ್ತ ಬಾಲದಂತೆ ಇಳಿದ ಮಂಕು ಚುಕ್ಕೆಗಳ ಸಾಲು ಗೆರೆಯ ಕೆಳಗೆ ಉಳಿದಿತ್ತು. ತನಗೆ ಬೇಕಾದವು ಅವೇ ಇರಬಹುದು. ಅಲ್ಲದೆಯೂ ಇರಬಹುದು.

"ಅತ್ತಿಗೆ, ಮೂರು ಸಲವೂ ಏನೂ ಬೆಳೀಲಿಲ್ಲ," ಎಂದಳು. "ಬೇಕಾದವನ್ನ ನಾನೇ ಕಸ ಅಂತ ಚೆಲ್ಲಿರ್ಬೇಕು. ಇನ್ನೊಂದೇ ಕೊಳವೆ ಐತೆ."

ಜೋಲಿ ನಿಂತಿತು. ಧನುಶ್ರೀ ಮಗುವನ್ನು ನೋಡಿದಳು, ಆಮೇಲೆ ನಾದಿನಿಯನ್ನು.

"ಒಂದೈತಲ್ಲ," ಎಂದು ಮತ್ತೆ ತೂಗಿದಳು.

ಬಿಂದುಶ್ರೀ ಕಸದ ಬುಟ್ಟಿಯನ್ನು ಮೊರಕ್ಕೆ ಬೋರಲು ಹಾಕಿದಳು. ಒಂದು ಬೀಜವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಮೆಲ್ಲಗೆ ಸುತ್ತಲೂ ತಿರುಗಿಸಿ ನೋಡಿದಳು. ಆಮೇಲೆ ಇನ್ನೊಂದನ್ನು.