ಮೂರನೆಯವಳ ಬಗ್ಗೆ ಓದುಗರು ಬರೆದದ್ದು

ನನ್ನ ಅಂಗಡಿಯಲ್ಲಿ ಒಂದೇ ಒಂದು ಕಟ್ಟಳೆ. ಪುಸ್ತಕ ಬಾಡಿಗೆಗೆ ಒಯ್ದವರು ತಿರುಗಿ ಕೊಡುವಾಗ ಹಿಂದಿನ ಖಾಲಿ ಹಾಳೆಯಲ್ಲಿ ಎರಡು ಸಾಲು ಅಭಿಪ್ರಾಯ ಬರೆಯಬೇಕು, ಪೆನ್ಸಿಲಿನಲ್ಲಿ. ಅಪ್ಪ ಮಾಡಿದ ಕಟ್ಟಳೆ ಇದು. ಅವರು ಜೀವಮಾನದಲ್ಲಿ ಹತ್ತು ಕಾದಂಬರಿ ಪೂರ್ತಿ ಓದಿರಲಿಕ್ಕಿಲ್ಲ. ಆ ಹಾಳೆ ನೋಡಿಕೊಂಡೇ "ಇದು ನಿಮಗೆ ಹಿಡಿಸತ್ತೆ, ಇದು ನಿಮ್ಮ ಹೆಂಡತಿಗೆ" ಅಂತ ಅಲೆಕ್ಸಾಂಡ್ರಿಯಾದ ನಮ್ಮ ಬಹರಿ ಪೇಟೆಯ ಅರ್ಧ ಜನಕ್ಕೆ ಪುಸ್ತಕ ಹಂಚಿದರು. ಅಪ್ಪ ಹೋದಮೇಲೆ ಅಂಗಡಿ ನನ್ನ ತಲೆಗೆ ಬಂತು, ಕಟ್ಟಳೆಯೂ ಬಂತು. ಅಂಗಡಿಯವರು ಮಾತ್ರ ಹಾಳೆಯಲ್ಲಿ ಏನೂ ಬರೆಯಕೂಡದು. ಹೊಲಸು ಮಾತಿದ್ದರೆ ರಬ್ಬರ್ ಹಾಕಿ ಅಳಿಸಬಹುದು, ಅಷ್ಟೇ.

ಈ ಚಳಿಗಾಲದಲ್ಲಿ ಕಪ್ಪು ರಟ್ಟಿನ ಕಾದಂಬರಿಯೊಂದು ಬಂತು. ಹೆಂಗಸರನ್ನು ಸಾಲಾಗಿ ಕೊಲ್ಲುವವನ ಕಥೆ. ಅಲೆಕ್ಸಾಂಡ್ರಿಯಾದಲ್ಲೆಲ್ಲ ಅದರದೇ ಮಾತು, ನನಗೆ ಸಿಕ್ಕಿದ್ದು ಒಂದೇ ಪ್ರತಿ. ಜನ ಸರದಿ ಹಚ್ಚಿದರು. ನಾನು ಓದಲಿಲ್ಲ. ಇಂಥ ಪುಸ್ತಕ ನಾನು ಮುಟ್ಟುವುದಿಲ್ಲ, ಕೊಡುತ್ತೇನೆ, ತಗೊಳ್ಳುತ್ತೇನೆ. ಅಂಗಡಿ ನಡೆಯಬೇಕಲ್ಲ.

ಹಿಂದಿನ ಹಾಳೆ ಬೇಗ ತುಂಬಿತು. ಹಲ್ಲಿನ ಡಾಕ್ಟರ ಹೆಂಡತಿ ಬರೆದಳು: "ರಾತ್ರಿಯೆಲ್ಲ ದೀಪ ಆರಿಸಲಿಲ್ಲ. ನಮ್ಮನೆಯವರು ಗೊರಕೆ ಹೊಡೆದರೂ ಬೆಚ್ಚಿಬಿದ್ದೆ." ಅದರ ಕೆಳಗೆ ಕಾನೂನು ಓದುವ ಹುಡುಗಿಯೊಬ್ಬಳದು: "ಪೊಲೀಸರು ಇಷ್ಟು ದಡ್ಡರಾ?" ಅದಕ್ಕೆ ಇನ್ನೊಬ್ಬನ ಉತ್ತರ: "ನಿನ್ನ ವಯಸ್ಸಿಗೆ ಗೊತ್ತಾಗಲ್ಲಮ್ಮ. ಇನ್ನೂ ದಡ್ಡರು." ಮೀನುಪೇಟೆಯ ಲೆಕ್ಕದವನು: "ಕೊಲೆಗಾರ ಯಾರು ಅಂತ ಇಪ್ಪತ್ತನೇ ಪುಟದಲ್ಲೇ ಹೇಳಿದೆ. ನನ್ನ ಹೆಂಡತಿ ಸಾಕ್ಷಿ." ಮತ್ಯಾರೋ, ಹೆಸರು ಹಾಕಿರಲಿಲ್ಲ: "ಮೂರನೆಯವಳ ಅಧ್ಯಾಯ ಬಹಳ ಎಳೆದಿದ್ದಾರೆ. ಬೇಗ ಸಾಯಿಸಬಹುದಿತ್ತು."

ಅದನ್ನೆಲ್ಲ ಓದಿ ನಗುತ್ತ ಕೂತಿದ್ದೆ. ಹೌದು, ನಗುತ್ತಿದ್ದೆ. ಆಗ ಇಸ್ಮತ್ ಬಂದಳು. ಲೆಕ್ಕದ ಟೀಚರಾಗಿದ್ದವಳು, ರಿಟೈರಾಗಿ ತಾಂತಾ ಊರಿಂದ ನಮ್ಮ ಬೀದಿಗೆ ಬಂದು ಹತ್ತು ವರ್ಷ. ಬಾಯಿಗೆ ಬೀಗವೇ ಇಲ್ಲ.

"ಇನಾಯತ್, ನೀನು ಹುಟ್ಟಿ ಬೆಳೆದಿದ್ದು ಇಲ್ಲೇ ತಾನೆ? ಇದು ನಿಮ್ಮ ಬಹರಿದೇ ಕಥೆಯಂತೆ ಕಣೆ. ಮೂವತ್ತನಾಲ್ಕು ವರ್ಷದ ಹಿಂದೆ ನಿಜವಾಗ್ಲೂ ಆಗಿದ್ದಂತೆ. ಗ್ಯಾಸ್ ಸಿಲಿಂಡರ್ ಮಾರೋನ ವೇಷದಲ್ಲಿ ಬಂದು ನಾಲ್ಕು ಜನ ಹೆಂಗಸರನ್ನ ಮುಗಿಸಿದ್ನಂತೆ. ನಿಂಗೆ ನೆನಪಿಲ್ವಾ?"

"ನಾನು ಚಿಕ್ಕವಳಿದ್ದೆ" ಅಂದೆ.

"ಆ ಮೂರನೆಯವಳಿದ್ದಾಳಲ್ಲ, ಅವಳೇ ಬುಟ್ಟೀಲಿ ಬೀಗದ ಕೈ ಇಳಿಸಿ ಅವನನ್ನ ಮೇಲಕ್ಕೆ ಕರೆಸ್ಕೋತಾಳೆ. ಮದುವೆ ಗೊತ್ತಾಗಿರೋ ಹುಡುಗಿ, ಮನೇಲಿ ಯಾರೂ ಇಲ್ಲ. ಯಾಕೆ ಕರೆಸ್ಕೋತಾಳೆ ಹೇಳು? ಸುಮ್ನೇನಾ?" ಎಂದು ಹುಬ್ಬು ಹಾರಿಸಿದಳು. ಆಮೇಲೆ ಬಗ್ಗಿ ಕೂತು ಹಾಳೆಯಲ್ಲಿ ಅದನ್ನೇ ಬರೆದಳು. ದುಂಡಗಿನ ಟೀಚರ್ ಅಕ್ಷರ.

ಅವಳು ಹೋದಮೇಲೆ ಬಾಗಿಲು ಅರ್ಧ ಎಳೆದುಕೊಂಡು ಪುಸ್ತಕ ಓದಿದೆ. ಮಧ್ಯಾಹ್ನ ಶುರು ಮಾಡಿದ್ದು ಸಂಜೆಯ ಬಾಂಗಿನ ಹೊತ್ತಿಗೆ ಮುಗಿಯಿತು. ಬರೆದವನು ಹೆಸರುಗಳನ್ನು ಬದಲಾಯಿಸಿದ್ದ. ನನ್ನಕ್ಕ ರಸ್ಮಿಯಾಗೆ ಬೇರೇನೋ ಚೆಂದದ ಹೆಸರಿಟ್ಟು, ತುಟಿಗೆ ಬಣ್ಣ ಹಚ್ಚಿ, ಬಾಲ್ಕನಿಯಲ್ಲಿ ನಿಲ್ಲಿಸಿದ್ದ. ರಸ್ಮಿಯಾ ತುಟಿಗೆ ಬಣ್ಣ ಹಚ್ಚಿದವಳೇ ಅಲ್ಲ. ಆ ಹೊತ್ತಿಗೆ ಬಾಲ್ಕನಿಯಲ್ಲೂ ಇರಲಿಲ್ಲ. ಅಡುಗೆಮನೆಯಲ್ಲಿ ಕೂತು ಮುಲುಖಿಯಾ ಸೊಪ್ಪು ಹೆಚ್ಚುತ್ತಿದ್ದಳು. ಓದಿ ಮುಗಿಸಿದಾಗ ನನಗೆ ಅಳು ಬರಬೇಕಿತ್ತು, ಸಿಟ್ಟಾದರೂ ಬರಬೇಕಿತ್ತು. ಏನೂ ಬರಲಿಲ್ಲ. ಚಹಾ ಮಾಡಿಕೊಂಡು ಕುಡಿದೆ.

ನಡೆದದ್ದು ಇಷ್ಟು. ನಮ್ಮದು ನಾಲ್ಕನೇ ಮಹಡಿ. ಬೀದಿ ಬಾಗಿಲಿಗೆ ಹಗಲಲ್ಲೂ ಬೀಗ. ಕೆಳಗೆ ಯಾರಾದರೂ ಬಂದರೆ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಬೀಗದ ಕೈ ಹಾಕಿ ಬಾಲ್ಕನಿಯಿಂದ ಇಳಿಸುತ್ತಿದ್ದೆವು, ಇಡೀ ಬೀದಿ ಹಾಗೇ ಮಾಡುತ್ತಿತ್ತು. ಎರಡು ಕೊಲೆ ಆದಮೇಲೆ ಅಮ್ಮ ಹೇಳಿದ್ದಳು: ಬುಟ್ಟಿ ಇಳಿಸಬೇಡಿ, ಇಳಿದುಹೋಗಿ ಮುಖ ನೋಡಿ ಬಾಗಿಲು ತೆಗೀರಿ. ಆ ದಿನ ಅಪ್ಪ ಅಂಗಡಿಯಲ್ಲಿ, ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಕೆಳಗೆ ಸಿಲಿಂಡರಿನ ಮೇಲೆ ಸ್ಪ್ಯಾನರ್ ಬಡಿಯುವ ಸದ್ದು ಕೇಳಿಸಿತು. ಗ್ಯಾಸಿನವನು. ಮನೆಯಲ್ಲಿ ಗ್ಯಾಸ್ ಮುಗಿದು ಎರಡು ದಿನವಾಗಿತ್ತು. "ಇಳಿದುಹೋಗೇ, ಮುಖ ನೋಡೇ" ಅಂತ ರಸ್ಮಿಯಾ ಒಳಗಿಂದ ಕೂಗಿದಳು. ನನಗೆ ಹದಿಮೂರು ವರ್ಷ. ತಾರಸಿಯ ಮೇಲೆ ಗೆಳತಿಯರು ಪಾರಿವಾಳ ಬಿಡುತ್ತಿದ್ದರು. ನಾಲ್ಕು ಮಹಡಿ ಇಳಿದು ಮತ್ತೆ ಐದು ಹತ್ತಬೇಕಲ್ಲ ಅಂತ ಮೈಗಳ್ಳತನ. ಬೀಗದ ಕೈ ಬುಟ್ಟಿಗೆ ಹಾಕಿ ಇಳಿಸಿದೆ, "ನೋಡ್ದೆ, ನಮ್ಮ ಯಾವಾಗಿನೋನೇ" ಅಂತ ಸುಳ್ಳು ಹೇಳಿ ಮೇಲಕ್ಕೆ ಓಡಿದೆ. ಒಂದು ಗಂಟೆ ಬಿಟ್ಟು ಇಳಿದುಬಂದೆ.

ಪೊಲೀಸರು ಕೇಳಿದಾಗ ಅಮ್ಮನೇ ಉತ್ತರ ಕೊಟ್ಟಳು: "ಚಿಕ್ಕವಳು ತಾರಸೀಲಿದ್ಲು. ದೊಡ್ಡವಳೇ ಇಳಿಸಿರಬೇಕು." ನಾನು ತಲೆಯಾಡಿಸಿದೆ. ತಲೆಯಾಡಿಸಿದ್ದು ಬಿಟ್ಟು ಬೇರೇನೂ ಮಾಡಲಿಲ್ಲ. ಅದು ಪೇಪರಿನಲ್ಲಿ ಬಂತು. ಆಮೇಲೆ ಜನರ ಬಾಯಿಗೆ ಬಂತು. ಬೀಗದ ಕೈ ಇಳಿಸಿದಳಂತೆ, ಪರಿಚಯ ಇತ್ತಂತೆ, ಮೊದಲೂ ಬರುತ್ತಿದ್ದನಂತೆ. ಅವನನ್ನು ಹಿಡಿದು ನೇಣು ಹಾಕಿದರು, ಆದರೂ ಆ ಮಾತು ಸಾಯಲಿಲ್ಲ.

ಆ ಮಾತಿಗೆ ಮುದ್ರೆ ಒತ್ತಿದವರು ಶುಕ್ರಿ. ರಸ್ಮಿಯಾಗೆ ಮದುವೆಗೆ ಗೊತ್ತಾಗಿದ್ದ ಹುಡುಗ, ಟ್ರಾಮ್ ಕಂಡಕ್ಟರ್. ನಾನು ಅವರನ್ನು ಭಾವ ಅಂತಲೇ ಕರೆಯುತ್ತಿದ್ದೆ. ಮಣ್ಣಿಗೆ ಬರಲಿಲ್ಲ. ಬೀದಿಯಲ್ಲಿ ಶಾಮಿಯಾನ ಹಾಕಿ, ಸಂತಾಪಕ್ಕೆ ಬಂದವರಿಗೆ ಸಕ್ಕರೆಯಿಲ್ಲದ ಕಾಫಿ ಕೊಟ್ಟ ಮೂರು ದಿನವೂ ಬರಲಿಲ್ಲ. ಗಂಡನಾಗುವವನೇ ಬರಲಿಲ್ಲ ಅಂದಮೇಲೆ ಇನ್ನೇನು ಅಂತ ಜನ ತೀರ್ಮಾನ ಮಾಡಿಬಿಟ್ಟರು. ಅವರು ಆಮೇಲೂ ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡ ವರ್ಷ ಒಂದು ಮಂಗಳವಾರ ಅಂಗಡಿಗೆ ಬಂದು ಪತ್ತೇದಾರಿ ಕಾದಂಬರಿ ಕೇಳಿದರು. ಆಮೇಲೆ ಹನ್ನೊಂದು ವರ್ಷದಿಂದ ಪ್ರತಿ ಮಂಗಳವಾರ ಬರುತ್ತಾರೆ. ಮಂಡಿನೋವು, ಪೆನ್ಷನ್, ಟ್ರಾಮು ಎಲ್ಲ ಮಾತಾಡುತ್ತೇವೆ. ರಸ್ಮಿಯಾ ಅನ್ನುವ ಹೆಸರು ಇಬ್ಬರ ಬಾಯಲ್ಲೂ ಬಂದಿಲ್ಲ. ಭಾವ ಅನ್ನುವುದನ್ನೂ ಬಿಟ್ಟು ಶುಕ್ರಿಯವರೇ ಅನ್ನುತ್ತೇನೆ.

ಕಪ್ಪು ರಟ್ಟಿನ ಪುಸ್ತಕವನ್ನು ಅವರ ಕಣ್ಣಿಗೆ ಬೀಳದಂತೆ ಮೇಜಿನ ಕೆಳಗಿಟ್ಟೆ. ಆದರೆ ಆ ಮಂಗಳವಾರ ಇಸ್ಮತ್ ಅಲ್ಲೇ ಕೂತು ಕಡಲೆಬೀಜ ಬಿಡಿಸುತ್ತಿದ್ದಳು.

"ಏನ್ರೀ, ಅಷ್ಟೊಂದು ಪತ್ತೇದಾರಿ ಓದ್ತೀರಿ, ಆ ಕಪ್ಪು ಪುಸ್ತಕ ಓದಿಲ್ವಾ? ನಿಮ್ಮ ಬಹರಿದೇ ಕಥೆ. ಇನಾಯತ್, ಕೊಡೆ ಅವರಿಗೆ."

"ಬೇರೆಯವರು ಒಯ್ದಿದ್ದಾರೆ" ಅಂದೆ.

"ಸುಳ್ಳ್ಯಾಕೆ ಹೇಳ್ತೀಯೆ, ಇಲ್ಲೇ ನಿನ್ನ ಕಾಲ ಹತ್ರ ಇದೆಯಲ್ಲ."

ಶುಕ್ರಿ ಕೈ ಚಾಚಿದರು. ಕೊಟ್ಟೆ. ರಟ್ಟು ತಿರುಗಿಸಿ ನೋಡಿ, ಕೋಟಿನ ಒಳಗೆ ತುರುಕಿಕೊಂಡು ಹೋದರು.

ಆ ವಾರ ಹೇಗೆ ಕಳೆಯಿತೋ ಹೇಳಲಾರೆ. ಹೇಳುವಂಥದ್ದೇನೂ ಇಲ್ಲ. ತಿಂದೆ, ಮಲಗಿದೆ, ಅಂಗಡಿ ತೆಗೆದೆ. ಕೈಕಾಲು ಬೇರೆ ಯಾರದ್ದೋ ಅನ್ನುವಂತೆ ಕೆಲಸ ಮಾಡುತ್ತಿದ್ದವು. ಒಂದೇ ಯೋಚನೆ: ನಾನು ಬಾಯಿಬಿಟ್ಟರೆ ಈ ಮನುಷ್ಯ ಮತ್ತೆ ಬರುವುದಿಲ್ಲ. ನನ್ನ ಕಡೆಯವರು ಅಂತ ಈ ಊರಲ್ಲಿ ಉಳಿದದ್ದು ಅವರೊಬ್ಬರೇ, ಸಂಬಂಧವೇ ಇಲ್ಲದ ಭಾವ. ಬಾಯಿಬಿಡದಿದ್ದರೆ ರಸ್ಮಿಯಾ ಆ ಪುಸ್ತಕದಲ್ಲಿ ತುಟಿಗೆ ಬಣ್ಣ ಹಚ್ಚಿಕೊಂಡು ನಿಂತೇ ಇರುತ್ತಾಳೆ.

ಮುಂದಿನ ಮಂಗಳವಾರ ಹನ್ನೊಂದಕ್ಕೆ ಬಂದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಪುಸ್ತಕ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತರು.

"ಬರ್ದಿದೀನಿ" ಅಂದರು.

ತೆಗೆದು ನೋಡಿದೆ. ಇಸ್ಮತಳ ದುಂಡು ಅಕ್ಷರದ ಕೆಳಗೆ ಟಿಕೆಟ್ ಹರಿದು ಹರಿದು ಓರೆಯಾದ ಕೈಯ ಬರಹ: "ಬರೆದವನಿಗೆ ಗೊತ್ತಿದೆ. ಮೂರನೆಯವಳ ವಿಷಯ ಹೀಗೇ ಇದ್ದಿರಬೇಕು. ಅವಳು ಇಳಿಸದೆ ಬೀಗದ ಕೈ ಕೆಳಗೆ ಬರುವುದಿಲ್ಲ."

ಎರಡು ಸಲ ಓದಿದೆ. ರಬ್ಬರಿನಿಂದ ಅಳಿಸುವಂಥ ಹೊಲಸು ಮಾತು ಅದರಲ್ಲಿರಲಿಲ್ಲ. ಪೆನ್ಸಿಲ್ ತಗೊಂಡೆ. ಹಾಳೆಯಲ್ಲಿ ಒಂದು ಬೆರಳಗಲ ಜಾಗ ಉಳಿದಿತ್ತು. "ಇಳಿಸಿದ್ದು ತಂಗಿ. ಹದಿಮೂರು ವರ್ಷ. ಇಳಿದುಹೋಗಿ ಮುಖ ನೋಡು ಅಂತ ಅಕ್ಕ ಹೇಳಿದ್ದಳು, ತಂಗಿ ಹೋಗಲಿಲ್ಲ. ನೋಡಿದೆ ಅಂತ ಸುಳ್ಳು ಹೇಳಿದಳು." ಅಂತ ಬರೆದು ಪುಸ್ತಕ ಅವರ ಕಡೆ ತಿರುಗಿಸಿದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಮುಗಿದಮೇಲೂ ಕಣ್ಣು ಅಲ್ಲೇ ಇತ್ತು.

"ನೀನಾ" ಅಂದರು.

"ಹೂಂ."

"ಅವ್ಳಿಗೆ ಅವನು ಗೊತ್ತಿರಲಿಲ್ಲ?"

"ಯಾರಿಗೂ ಗೊತ್ತಿರಲಿಲ್ಲ. ಅವಳು ಸೊಪ್ಪು ಹೆಚ್ತಾ ಇದ್ಲು, ನಿಮಗೆ ಅಂತ. ಸಂಜೆ ನೀವು ಊಟಕ್ಕೆ ಬರೋದಿತ್ತಲ್ಲ."

ಹೊರಗೆ ಬೀನ್ಸ್ ಗಾಡಿಯವನು ಗಿರಾಕಿಯೊಬ್ಬಳ ಹತ್ತಿರ ಜಗಳ ಆಡುತ್ತಿದ್ದ. ಅದು ಮುಗಿಯುವ ತನಕ ಇಬ್ಬರೂ ಕೇಳಿಸಿಕೊಂಡೆವು.

"ಯಾಕೆ ಹೇಳ್ಲಿಲ್ಲ?"

"ಮೊದಲ ದಿನ ಹೆದರಿಕೆ. ಎರಡನೇ ದಿನ ಅಮ್ಮ ಆಗಲೇ ಹೇಳಿಬಿಟ್ಟಿದ್ಲು. ಆಮೇಲೆ ದಿನ ಕಳೀತಾ ಹೋಯ್ತು."

"ಮೂವತ್ತನಾಲ್ಕು ವರ್ಷ ಅವಳ ಮೇಲೆ ಸಿಟ್ಟು ಇಟ್ಕೊಂಡಿದ್ದೆ" ಅಂದರು. ದನಿ ಏರಲಿಲ್ಲ, ಮುಂದಿನ ಸ್ಟಾಪ್ ಯಾವುದು ಅಂತ ಹೇಳುವ ಹಾಗೆ ಅಂದರು. "ಬೆಳಿಗ್ಗೆ ಎದ್ರೆ ಅದು, ಮಲಗಿದ್ರೆ ಅದು. ಬೇರೆ ಕೆಲಸಾನೇ ಮಾಡಿಲ್ಲ ನಾನು. ಈಗೇನ್ ಮಾಡ್ಲಿ ಅದನ್ನ?"

"ನನ್ನ ಮೇಲೆ ಇಟ್ಕೊಳ್ಳಿ, ಭಾವ."

ನನ್ನ ಬಾಯಿಂದ ಆ ಮಾತು ತಾನಾಗೇ ಬಂತು. ಅವರು ನನ್ನ ಮುಖ ನೋಡಿದರು. ನನಗೀಗ ನಲವತ್ತೇಳು, ತಲೆ ಅರ್ಧ ಬೆಳ್ಳಗಾಗಿದೆ. ಬೈಯಲಿ ಅಂತ ಕಾದೆ. ಬೈದರೆ ಏನಾದರೂ ಅನ್ನಿಸೀತು ಅಂತ ಆಸೆಯೂ ಇತ್ತು.

"ಹದಿಮೂರು ವರ್ಷದ ಹುಡುಗಿ ಮೇಲೆ ಏನಂತ ಇಟ್ಕೊಳ್ಳಲಿ" ಅಂದರು. ಮೇಜು ಹಿಡಿದುಕೊಂಡು ಎದ್ದರು. ಮಂಡಿ ಲಟಕ್ ಅಂದಿತು. ಬಾಗಿಲ ತನಕ ಹೋಗಿ ನಿಂತರು. ಹೋದರು, ಇನ್ನು ಬರುವುದಿಲ್ಲ ಅಂದುಕೊಂಡೆ.

ತಿರುಗಿದರು. "ನಾನು ಮಣ್ಣಿಗೂ ಬರ್ಲಿಲ್ಲ. ಒಂದು ದಿನ ಆ ಕಡೆ ತಲೆ ಹಾಕಿಲ್ಲ. ಈಗ ಹೋಗ್ತೀನಿ. ಖಬರಸ್ತಾನದಲ್ಲಿ ಯಾವ ಕಡೆ ಇದಾಳೆ ಹೇಳು. ಗೇಟಿಂದ ಎಡಕ್ಕೋ ಬಲಕ್ಕೋ?"

ಹೇಳಲು ಬಾಯಿ ತೆಗೆದೆ. ಪ್ರತಿ ಹಬ್ಬದ ಬೆಳಿಗ್ಗೆ ಅಮ್ಮ ಒಬ್ಬಳೇ ರೊಟ್ಟಿ, ಖರ್ಜೂರ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಬಾರೇ ಅಂದರೆ ನಾನು ಅಂಗಡಿ ಅನ್ನುತ್ತಿದ್ದೆ, ತಲೆನೋವು ಅನ್ನುತ್ತಿದ್ದೆ. ಅಮ್ಮ ತೀರಿಕೊಂಡಿದ್ದು ದಮನ್‌ಹೂರಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಅಲ್ಲೇ ಮಣ್ಣು ಮಾಡಿದರು. ಅಪ್ಪನನ್ನೂ ಅಲ್ಲಿಗೇ ಒಯ್ದರು. ಇಲ್ಲಿಯ ಖಬರಸ್ತಾನಕ್ಕೆ ನಾನು ಕಾಲಿಟ್ಟೇ ಇಲ್ಲ.

ಶುಕ್ರಿ ಒಂದು ಕಾಲು ಹೊರಗಿಟ್ಟುಕೊಂಡು ಕಾಯುತ್ತಿದ್ದರು.

"ನಂಗೂ ಗೊತ್ತಿಲ್ಲ" ಅಂದೆ.